ಬಿಸಿಯಾಗದೆ ಮಾತಿಲ್ಲ

ಆಗಸ್ಟ್ ೩, ಶನಿವಾರ

ಬೈಗುಳವನ್ನೆಲ್ಲ ಅಂಗಡಿಯಲ್ಲೇ ಮುಗಿಸಿ ಬಾ, ಮಗಳು ದೊಡ್ಡವಳಾದಳು ಎಂದು ನಿಹಾಯ ಹೇಳಿದ್ದಾಳೆ. ಹೆಂಡತಿಯ ಮಾತು ಸರಿ. ಅಂಗಡಿಯಲ್ಲಿ ಮುಗಿಯದೆ ಉಳಿದದ್ದನ್ನು ಇನ್ನು ಮೇಲೆ ಇಲ್ಲಿ ಬೈಯುತ್ತೇನೆ. ಯಾರೂ ಓದುವುದಿಲ್ಲ.

ಬೆಳಿಗ್ಗೆ ಷಟರ್ ಎತ್ತುವ ಮೊದಲೇ ಫಿರ್ಯಾಲ್ ಎಂಬ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಆಸ್ಪತ್ರೆಯ ದಾದಿಯರನ್ನು ಪಾಳಿಗೆ ಕರೆದೊಯ್ದು ಮನೆಗೆ ಬಿಡುವುದು ಅವಳ ಕಸುಬು. ಬಕ್ರೀದ್ ಕಳೆದ ಮೇಲೆ ಖಲ್ದೂನನ ಶೋರೂಮಿನಿಂದ ತಾನೇ ಗೇರು ಬದಲಿಸುವ ಹಳೇ ಗಾಡಿ ಕೊಂಡಿದ್ದಾಳೆ. ಕೀಲಿ ತಂದು ನನ್ನ ಬೆಂಚಿನ ಮೇಲೆ ಬಿಸಾಡಿದಳು.

"ಮಾತು ಕೊಟ್ಟೋರು ಎಲ್ಲಿ?"

"ಯಾವ ಮಾತಮ್ಮ?"

"ನಿಮ್ಮ ಅಂಗಡಿ ಮಾತು. ನಿಮ್ಮ ತಂಗಿ ಗಂಡ ಸಾಮಿಹ್ ಬಾನೆಟ್ ಮೇಲೆ ಕೈ ಇಟ್ಟು ಕೊಟ್ಟಿದ್ದು. ಗೇರ್ ಜಾರಿದ ಹಾಗೆ ಅವರ ಕೈನೂ ಜಾರಿತ್ತಾ?"

ನನಗೆ ಸಿಟ್ಟು ಬಂತು. ನಮ್ಮ ಗಲ್ಲಿಯಲ್ಲಿ ಮೆಕ್ಯಾನಿಕ್ಕು ಬಾನೆಟ್ಟಿನ ಮೇಲೆ ಅಂಗೈ ಊರಿದನೆಂದರೆ ಅದು ಆಣೆ. ನಮ್ಮ ಅಂಗಡಿಯಲ್ಲಿ ಸಾಮಿಹ್ ಒಂದು ಕೈ, ನಾನೊಂದು ಕೈ, ಪಕ್ಕಪಕ್ಕ ಇಡುತ್ತೇವೆ. ಈ ಗಾಡಿಗೆ ನಾನು ಇಟ್ಟಿರಲಿಲ್ಲ. ಅವನೊಬ್ಬನೇ ಹೋಗಿ ಇಟ್ಟು ಬಂದನೇ? ಅದೂ ಖಲ್ದೂನನ ಶೋರೂಮಿನಲ್ಲಿ?

"ನೀವೇ ಏನೋ ಎಡವಟ್ಟಾಗಿ ಓಡಿಸಿರ್ತೀರಿ" ಎಂದೆ.

"ಹೌದಪ್ಪ. ಹೆಂಗಸು ಕೂತ ತಕ್ಷಣ ಗೇರ್ ನಾಚ್ಕೊಂಡು ಜಾರುತ್ತೆ."

ಪಕ್ಕದ ರೇಡಿಯೇಟರ್ ಅಂಗಡಿಯ ಬುಲೂಸ್ ನಗಲು ಶುರು ಮಾಡಿದವನು ನನ್ನ ಮುಖ ನೋಡಿ ಒಳಗೆ ಹೋದ. ನಾನು ಗಾಡಿಯನ್ನು ಗಲ್ಲಿಯ ತುದಿಯವರೆಗೆ ಓಡಿಸಿದೆ. ಬೆಣ್ಣೆಯಂತೆ ಹೋಯಿತು. ನೋಡಿ ಎಂದೆ. ಅವಳು ನಮ್ಮ ಗೋಡೆಯತ್ತ ಬೆರಳು ತೋರಿಸಿದಳು. ಅಲ್ಲಿ ಹಳೆಯ ಬ್ಯಾನರು ಇನ್ನೂ ಇದೆ: ಬಿಸಿಯಾಗದೆ ಮಾತಿಲ್ಲ.

"ಬರ್ದಿರೋದು ನೀವೇ ತಾನೇ?" ಎಂದಳು.

ಬರೆದದ್ದು ನಾವೇ. ಹಿಂದೊಮ್ಮೆ, ಶೋರೂಮಿನ ತಂಪಿನಲ್ಲಿ ನಿಲ್ಲಿಸಿದ ಗಾಡಿಯನ್ನು ಅಲ್ಲೇ ನೋಡಿ ಒಳ್ಳೆಯದೆಂದು ಹೇಳಿ ಎಂದು ವ್ಯಾಪಾರಿಗಳು ಹಟ ಹಿಡಿದಿದ್ದರು. ಇಡೀ ಗಲ್ಲಿ ಷಟರ್ ಎಳೆದು ಹರತಾಳ ಕೂತಿತು. ಸಾಮಿಹ್ ಎಣ್ಣೆ ಡ್ರಮ್ಮಿನ ಮೇಲೆ ಹತ್ತಿ ಕೂಗಿದ: ಗುಡ್ಡ ಹತ್ತಿಸಿ ಬಿಸಿ ಮಾಡಿ ನೋಡದೆ ಈ ಗಲ್ಲಿಯ ಒಂದು ಕೈಯೂ ಬಾನೆಟ್ ಮುಟ್ಟುವುದಿಲ್ಲ. ಗೆದ್ದೆವು. ಆ ಸಾಲು ಅವನದು. ಮಾತೆಲ್ಲ ಅವನದೇ. ನನಗೆ ಮಾತು ಬರುವುದಿಲ್ಲ, ಗೇರ್‌ಬಾಕ್ಸು ಬರುತ್ತದೆ. ನನ್ನ ತಂಗಿ ಹನಾನ್ ಅವನನ್ನು ಮದುವೆಯಾದದ್ದೂ ಅವನ ಮಾತಿಗೇ ಇರಬೇಕು.

ಅವನು ಬಿಡಿಭಾಗ ತರಲು ಅಕಬಾ ಬಂದರಿಗೆ ಹೋಗಿದ್ದಾನೆ. ಮಂಗಳವಾರ ಬಂದು ಅವನೇ ಈ ಹೆಂಗಸಿಗೆ ಉತ್ತರ ಕೊಡಲಿ.

ಆಗಸ್ಟ್ ೪, ಭಾನುವಾರ

ಸುಡುಮಧ್ಯಾಹ್ನ ಮೃತ ಸಮುದ್ರದ ಮಟ್ಟಕ್ಕೆ ಇಳಿದು ನಮ್ಮ ನಾಊರ್ ಏರನ್ನು ಹತ್ತಿಸಿದೆ. ಫಿರ್ಯಾಲ್ ಪಕ್ಕದಲ್ಲಿ ಕೂತಿದ್ದಳು, ಗೆದ್ದವಳಂತೆ ಕೈಕಟ್ಟಿ.

ಅರ್ಧ ಏರಿನವರೆಗೆ ಏನೂ ಇಲ್ಲ. ಆಮೇಲೆ ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಮ್ಮೆಲೇ ಅರಚಿತು, ಗಾಡಿ ಮಾತ್ರ ಎಳೆಯಲಿಲ್ಲ. ಕಾಲು ಒತ್ತಿದಷ್ಟೂ ಅರಚು, ಮುಂದೆ ಹೋಗುವುದು ಅಷ್ಟರಲ್ಲೇ. ಸುಟ್ಟ ಕ್ಲಚ್ ಪ್ಲೇಟಿನ ವಾಸನೆ. ಈ ವಾಸನೆ ನನಗೆ ನಿದ್ದೆಯಲ್ಲೂ ಗೊತ್ತು. ಬದಿಗೆ ನಿಲ್ಲಿಸಿ ರಿವರ್ಸ್ ಹಾಕಿದೆ. ಗಾಡಿ ಯೋಚನೆ ಮಾಡಿತು, ಮಾಡಿತು, ಆಮೇಲೆ ಧಡ್ ಎಂದು ಹಿಂದಕ್ಕೆ ಗುದ್ದಿತು.

ಆಶ್ಚರ್ಯ ಅದಲ್ಲ. ಇಷ್ಟೆಲ್ಲ ಆದರೂ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿಲ್ಲ. ಸ್ಕ್ಯಾನರ್ ಹಾಕಿದೆ. ಗೇರೆಣ್ಣೆಯ ಬಿಸಿ ಹದವಾಗಿದೆ ಎಂದು ಕಂಪ್ಯೂಟರ್ ಹೇಳಿತು. ಗುಡ್ಡದ ಬುಡದಲ್ಲಿ ತೋರಿಸಿದ ಅಂಕಿಯೇ ಇಲ್ಲೂ ಇದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಒದ್ದೆ ಬಟ್ಟೆಯನ್ನು ಗೇರ್‌ಬಾಕ್ಸಿನ ಕೆಳಗಿನ ಎಣ್ಣೆ ತಟ್ಟೆಗೆ ಮುಟ್ಟಿಸಿದೆ. ಚುಸ್ ಎಂದಿತು.

"ಏನಂತೆ?" ಎಂದಳು.

"ಯಾರೋ ಸುಳ್ಳು ಹೇಳ್ತಿದ್ದಾರೆ."

"ಗಾಡಿನಾ?"

"ಗಾಡಿ ಸುಳ್ಳು ಹೇಳಲ್ಲಮ್ಮ. ಹೇಳಿಸ್ತಾರೆ."

ಖಲ್ದೂನನ ಕೆಲಸ. ಸಾಮಿಹ್‌ಗೂ ಮೋಸ ಮಾಡಿದ್ದಾನೆ. ಅವನು ಬರಲಿ, ಇಬ್ಬರೂ ಹೋಗಿ ಆ ಶೋರೂಮಿನ ಗಾಜು ಅಲ್ಲಾಡಿಸುತ್ತೇವೆ.

ಆಗಸ್ಟ್ ೫, ಸೋಮವಾರ

ಬಿಚ್ಚಿದೆ.

ಎಣ್ಣೆ ಹೊಸದು, ದಾಳಿಂಬೆ ರಸದಂತೆ ಕೆಂಪು, ಬೆರಳಿಗೆ ಮಂದ. ಜಾರುವುದನ್ನು ಒಂದೆರಡು ವಾರ ಮುಚ್ಚಿಡಲು ಗಟ್ಟಿ ಮದ್ದು ಬೆರೆಸಿದ್ದಾರೆ. ತಟ್ಟೆ ಇಳಿಸಿದರೆ ತಳದಲ್ಲಿ ಕರಿ ಕೆಸರು. ಮೂರನೇ ಗೇರಿನ ಪ್ಲೇಟುಗಳು ಉಗುರಿನಲ್ಲಿ ಕೆರೆದರೆ ಉದುರುವಷ್ಟು ಸುಟ್ಟಿವೆ.

ಆಮೇಲೆ ಬಿಸಿ ಅಳೆಯುವ ಸೆನ್ಸರಿನ ತಂತಿಯನ್ನು ಹುಡುಕುತ್ತ ಹೋದೆ. ತಂತಿ ಕತ್ತರಿಸಿದ್ದಾರೆ. ನಡುವೆ ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್ ಬೆಸೆದಿದ್ದಾರೆ. ಎಣ್ಣೆ ಕುದಿದರೂ ಹದವಾಗಿದೆ, ಹದವಾಗಿದೆ ಎಂದು ಅದು ಕಂಪ್ಯೂಟರಿಗೆ ಹೇಳುತ್ತಲೇ ಇರುತ್ತದೆ. ದೀಪ ಹತ್ತುವುದಿಲ್ಲ. ಗೇರ್‌ಬಾಕ್ಸು ಸದ್ದಿಲ್ಲದೆ ಬೇಯುತ್ತದೆ.

ಬೆಸುಗೆಯ ಮೇಲೆ ಟೇಪು ಇರಲಿಲ್ಲ. ದಾರ ಇತ್ತು. ಮೇಣ ತಿಕ್ಕಿದ, ಚಪ್ಪಲಿ ಹೊಲಿಯುವ ದಾರ. ಒತ್ತಾಗಿ ಸುತ್ತಿ, ತುದಿಯನ್ನು ಸುತ್ತಿನ ಅಡಿಯಿಂದ ಹಿಂದಕ್ಕೆ ಎಳೆದು ಮುಚ್ಚಿದ ಗಂಟು.

ನನಗೂ ಸಾಮಿಹ್‌ಗೂ ಕೆಲಸ ಕಲಿಸಿದ ಉಸ್ತಾದ್ ಜಾದಲ್ಲಾ ಅವರ ಅಪ್ಪ ಮೋಚಿ. ಆ ಗಂಟನ್ನು ಅಪ್ಪನಿಂದ ಕಲಿತು ಗೇರ್‌ಬಾಕ್ಸಿಗೆ ತಂದವರು ಉಸ್ತಾದರೇ. ಟೇಪು ಬಿಸಿಗೆ ಬಾಯಿ ಬಿಡುತ್ತೆ ಕಣ್ರೋ, ದಾರ ಬಿಡಲ್ಲ ಎನ್ನುತ್ತಿದ್ದರು. ಇಬ್ಬರಿಗೆ ಕಲಿಸಿ ಸತ್ತರು.

ಈ ಗಂಟು ಹಾಕಿದ್ದು ನಾನಲ್ಲ.

ಆಗಸ್ಟ್ ೬, ಮಂಗಳವಾರ

ಸಾಮಿಹ್ ಬಂದ. ನನಗೆ ಖರ್ಜೂರ ತಂದಿದ್ದ, ನಾಯಿಮಗ. ಮಗಳು ರುಬಾಗೆ ಕೊಡು ಎಂದ.

ತಂತಿಯನ್ನು ತೋರಿಸಿದೆ. ನೋಡಿದ. ಹೋಗಿ ಷಟರನ್ನು ಅರ್ಧ ಎಳೆದ. ಆಗಲೇ ನನಗೆ ಎಲ್ಲ ತಿಳಿಯಿತು. ತಪ್ಪು ಮಾಡದವನು ಷಟರ್ ಎಳೆಯುವುದಿಲ್ಲ.

"ಗಾಡಿ ತುಂಬ ಹಾಳಾಗಿತ್ತು ಭಾವ. ಖಲ್ದೂನ್ ಮಾರ್ಲೇಬೇಕು ಅಂದ."

"ಅದಕ್ಕೆ ಉಸ್ತಾದರ ದಾರಾನಾ?"

"ಕೈಗೆ ಬಂದದ್ದು ಅದೇ. ಅಭ್ಯಾಸ."

ಅಭ್ಯಾಸವಂತೆ. ಅಂಗಿ ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ, ಅದೇ ಇನ್ನೂ ಉರಿಸಿತು.

"ಹಿಕ್ಮತ್, ಕಣ್ಣು ಬಿಟ್ಟು ರಸ್ತೆ ನೋಡೋ. ದಿನಾ ಎಷ್ಟು ಕರೆಂಟ್ ಗಾಡಿ ಇಳೀತಿವೆ ಬಂದರಿಗೆ? ಅದರೊಳಗೆ ಗೇರ್‌ಬಾಕ್ಸೇ ಇಲ್ಲ. ಇನ್ನೈದು ವರ್ಷ ಆದ್ಮೇಲೆ ನಾವಿಬ್ರೂ ಏನ್ ಬಿಚ್ತೀವಿ? ಖಲ್ದೂನ್ ತಪಾಸಣೆ ಕೇಂದ್ರ ತೆಗೀತಿದ್ದಾನೆ, ನಂಗೆ ಜಾಗ ಕೊಡ್ತೀನಿ ಅಂದ. ನಿಂಗೂ ಕೇಳ್ತಿದ್ದೆ. ಸತ್ಯವಾಗ್ಲೂ ಕೇಳ್ತಿದ್ದೆ."

"ಆ ಹೆಂಗಸು ದಾದಿಯರನ್ನ ಕೂರಿಸ್ಕೊಂಡು ಗುಡ್ಡ ಹತ್ತುತಾಳೆ ಕಣೋ. ಹಿಂದಕ್ಕೆ ಜಾರಿದ್ರೆ?"

"ಜಾರೋಕ್ಕೆ ಮುಂಚೆ ಮಾರ್ಕೊತಾಳೆ ಅಂದ್ಕೊಂಡೆ."

ಇದನ್ನು ಬರೆಯುವಾಗ ಪೆನ್ನು ಕಾಗದವನ್ನು ಹರಿಯಿತು. ಮಾರ್ಕೊತಾಳಂತೆ. ಇನ್ನೊಬ್ಬ ಬಡವಿಗೆ. ಅವಳು ಮತ್ತೊಬ್ಬಳಿಗೆ. ಖಲ್ದೂನ್ ಹೀಗೆ ಮಾತಾಡಿದ್ದರೆ ಉಗುಳಿ ಸುಮ್ಮನಾಗುತ್ತಿದ್ದೆ, ಅವನ ಹೊಟ್ಟೆಪಾಡೇ ಅದು. ಡ್ರಮ್ಮಿನ ಮೇಲೆ ಹತ್ತಿ ನಮ್ಮೆಲ್ಲರ ಗಂಟಲಾಗಿದ್ದವನು, ನನ್ನ ಜೊತೆ ಒಂದೇ ತಟ್ಟೆಯಲ್ಲಿ ಫೂಲ್ ಕಾಳು ತಿಂದವನು! ಗಲ್ಲಿಯವರಿಗೆ ಹೇಳುತ್ತೇನೆ ಎಂದೆ. ಹನಾನ್ ಮುಖ ನೆನಪಿಟ್ಕೊಂಡು ಹೇಳು ಎಂದ.

ಖರ್ಜೂರ ಬುಲೂಸನಿಗೆ ಕೊಟ್ಟೆ. ಏನು ವಿಶೇಷ ಎಂದ. ಏನಿಲ್ಲ ಎಂದೆ. ನಾನೂ ಸುಳ್ಳು ಹೇಳಿದೆ.

ಆಗಸ್ಟ್ ೮, ಗುರುವಾರ

ಬಿಚ್ಚಿದ್ದನ್ನೆಲ್ಲ ಜೋಡಿಸಿ, ಗಾಡಿಯ ತಟ್ಟೆ ಮುಚ್ಚಿ, ಎಣ್ಣೆ ತುಂಬಿ, ಮೆಲ್ಲಗೆ ಮನೆಗೆ ತಂದು ನಿಲ್ಲಿಸಿದ್ದೇನೆ. ಅಂಗಡಿಯಲ್ಲಿ ಬಿಟ್ಟರೆ ದಾರ ಮಾಯವಾದೀತು. ಅಂಗಡಿಯ ಕೀಲಿ ಅವನ ಹತ್ತಿರವೂ ಇದೆ. ಅವನಿಂದ ಬಚ್ಚಿಡುವ ದಿನ ಬಂತು.

ಹನಾನ್ ಫೋನು ಮಾಡಿದ್ದಳು. "ಅಣ್ಣ, ಅವರು ಊಟ ಬಿಟ್ಟಿದ್ದಾರೆ." ಅವನ ಊಟದ ಚಿಂತೆ ಎಲ್ಲರಿಗೂ ಇದೆ. ಫಿರ್ಯಾಲ್ ಇವತ್ತು ಬಸ್ಸು ಹತ್ತಿ ಮನೆಗೆ ಬಂದಿದ್ದಳು. ಈ ತಿಂಗಳೊಳಗೆ ಗಾಡಿ ಓಡದಿದ್ದರೆ ದಾದಿಯರನ್ನು ಕರೆತರಲು ಆಸ್ಪತ್ರೆಯವರು ಬೇರೆಯವರನ್ನು ಹಿಡಿಯುತ್ತಾರಂತೆ. ಅವಳಿಗೆ ದಾರದ ವಿಷಯ ಹೇಳಲು ಬಾಯಿ ತೆರೆದೆ. ಪ್ಲೇಟು ಸುಟ್ಟಿವೆ ಎಂದಷ್ಟೇ ಹೇಳಿದೆ. ನಿಹಾಯ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು.

ನಾಳೆ ನಮಾಜು ಮುಗಿದ ಮೇಲೆ ಸಾಮಿಹ್‌ನ ಕಡೆಯ ಹಿರಿಯರು ಬರುತ್ತಾರಂತೆ, ದೊಡ್ಡಪ್ಪ ಹಾಜಿ ಮಿಥ್ಕಾಲ್ ಮುಂದಾಳು. ಕಾಫಿಯ ಬಟ್ಟಲು ಕೆಳಗಿಟ್ಟು ಕೇಳುತ್ತಾರೆ, ಕೊಟ್ಟೆ ಎನ್ನುವವರೆಗೆ ಕುಡಿಯುವುದಿಲ್ಲ. ಕೇಳಿದ್ದು ಕೊಡದೆ ಹಿರಿಯರನ್ನು ಎಬ್ಬಿಸಿ ಕಳಿಸಿದ ಮನೆ ನಮ್ಮಲ್ಲಿ ನಾನು ಕಂಡಿಲ್ಲ. ಅವನಿಗದು ಚೆನ್ನಾಗಿ ಗೊತ್ತು. ಅದಕ್ಕೇ ಕಳಿಸುತ್ತಿದ್ದಾನೆ.

ಆಗಸ್ಟ್ ೯, ಶುಕ್ರವಾರ

ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಅತ್ತರು, ಗಂಭೀರ ಮುಖ. ಸಾಮಿಹ್ ಒಳಗೆ ಬರಲಿಲ್ಲ, ಬೀದಿಯಲ್ಲೇ ಕೂತಿದ್ದ.

ನಾನೇ ಕಾಫಿ ಬಗ್ಗಿಸಿದೆ. ಹಾಜಿ ಮಿಥ್ಕಾಲ್ ಬಟ್ಟಲನ್ನು ತೆಗೆದುಕೊಂಡು ಮುಂದಿನ ಮೇಜಿನ ಮೇಲೆ ಇಟ್ಟರು. ಯಾರೂ ಕುಡಿಯಲಿಲ್ಲ. ರುಬಾಳ ಅಪ್ಪ ಎಂದು ಗೌರವದಿಂದಲೇ ಕರೆದರು.

"ಅಬೂ ರುಬಾ, ನಿನ್ನ ಕಾಫಿ ಕುಡಿಯೋಕ್ಕೆ ಮುಂಚೆ ನಮ್ಮದೊಂದು ಬೇಡಿಕೆ."

"ಹೇಳಿ ಹಾಜಿ."

"ಹುಡುಗ ಎಡವಿದ್ದಾನೆ. ನಿನ್ನ ತಂಗಿ ಗಂಡ, ನಮ್ಮ ರಕ್ತ. ಗಾಡೀನ ಅವನೇ ಸದ್ದಿಲ್ಲದೆ ರಿಪೇರಿ ಮಾಡ್ಕೊಡ್ತಾನೆ. ಮಾತು ಮಾತ್ರ ಈ ಹೊಸ್ತಿಲು ದಾಟಬಾರದು. ಗಲ್ಲಿಗೆ ಗೊತ್ತಾಗಬಾರದು, ಆ ಹೆಂಗಸಿಗೂ ಗೊತ್ತಾಗಬಾರದು."

ಕುಡಿಯಿರಿ ಹಾಜಿ, ಕೇಳಿದ್ದು ಕೊಟ್ಟಿದ್ದೇನೆ. ಈ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳೇಕೆ, ಹೇಳಿಬಿಡುತ್ತಿದ್ದೆ. ನಮ್ಮಪ್ಪ ಹೇಳುತ್ತಿದ್ದ, ಅವನಪ್ಪ ಹೇಳುತ್ತಿದ್ದ.

ಅಡುಗೆಮನೆಯ ಬಾಗಿಲಿನಿಂದ ನಿಹಾಯಳ ದನಿ ಬಂತು. "ಕೊಡಬೇಕಾದೋರು ಇಲ್ಲಿ ಕೂತಿದ್ದಾರೆ. ಅವರನ್ನ ಕೇಳಿ."

ಫಿರ್ಯಾಲ್! ನಿಹಾಯ ಕರೆಸಿ ಕೂರಿಸಿದ್ದಾಳೆ, ನನಗೂ ಗೊತ್ತಿರಲಿಲ್ಲ. ಮೆಣಸಿನಕಾಯಿ ತುಂಬಿದ ಬುಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಹಾಜಿಯ ಮುಂದಿನ ಬಟ್ಟಲನ್ನು ಎತ್ತಿಕೊಂಡೆ. "ಏಯ್, ಏನ್ ಮಾಡ್ತಿದ್ದೀಯ!" ಎಂದು ಅವರ ತಮ್ಮ ಕೂಗಿದ. ಕೊಂಡೊಯ್ದು ಫಿರ್ಯಾಲಳ ಕೈಗೆ ಕೊಟ್ಟೆ. "ಮೋಸ ಹೋದದ್ದು ನೀವು. ಇದು ನಿಮ್ಮ ಬಟ್ಟಲು."

ಅವಳು ಬಟ್ಟಲು ಹಿಡಿದೇ ಎದ್ದು ಗಂಡಸರ ಕೋಣೆಯ ಹೊಸ್ತಿಲಿಗೆ ಬಂದಳು.

"ಹಾಜಿ, ನೀವು ದೊಡ್ಡೋರು, ಬೇಡ ಅನ್ನಲ್ಲ. ನಂದೂ ಒಂದು ಬೇಡಿಕೆ. ಗಾಡಿ ಹೊರಗೇ ಇದೆ. ನೀವೆಲ್ಲ ಹತ್ತಿ. ಮಾತು ಕೊಟ್ಟೋರೇ ಓಡಿಸ್ಲಿ. ಏರು ಹತ್ತಿ ಮೇಲೆ ಬಂದ್ಮೇಲೂ ನಿಮಗೆ ಈ ಕಾಫಿ ಕುಡೀಬೇಕು ಅನ್ಸಿದ್ರೆ ನಾನೇ ಬಿಸಿ ಮಾಡಿ ಕೊಡ್ತೀನಿ."

ಬೇಡಿಕೆ ತಂದವರು ಬೇಡಿಕೆಯನ್ನು ಹೇಗೆ ತಳ್ಳುತ್ತಾರೆ?

ಸಾಮಿಹ್ ಸ್ಟಿಯರಿಂಗ್ ಹಿಡಿದ. ಪಕ್ಕದಲ್ಲಿ ಹಾಜಿ, ಹಿಂದೆ ಅವರ ತಮ್ಮ, ನಾನು, ಕಿಟಕಿಯ ಬಳಿ ಫಿರ್ಯಾಲ್. ಕೆಳಗಿನವರೆಗೆ ಇಳಿದೆವು. ಹತ್ತುವಾಗ ಹಾಜಿ ನಿರಾಳವಾದರು. "ಏನಾಗಿದೆ ಇದಕ್ಕೆ? ಕುದುರೆ ಹಾಗೆ ಹೋಗ್ತಿದೆ" ಎಂದರು.

ನಾನು ಸಾಮಿಹ್‌ನ ಕಾಲನ್ನೇ ನೋಡುತ್ತಿದ್ದೆ. ಗೇರು ಬದಲಾಗುವ ಹೊತ್ತಿಗೆ ಸರಿಯಾಗಿ ಕಾಲನ್ನು ತುಸು ಎತ್ತುತ್ತಿದ್ದ. ಹೊರೆ ಬೀಳದಿದ್ದರೆ ಜಾರುವುದು ತಿಳಿಯುವುದಿಲ್ಲ. ನಾಜೂಕಾದ ಕಾಲು. ಆ ನಾಜೂಕನ್ನು ಹುಡುಗನಾಗಿದ್ದಾಗ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ.

"ಕಾಲು ಎತ್ತಬೇಡ" ಎಂದೆ.

ಮತ್ತೆ ಎತ್ತಿದ.

"ಒತ್ತೋ."

ಒತ್ತಿದ. ಎಂಜಿನ್ ಅರಚಿತು. ಗಾಡಿ ನಿಂತಿತು, ಆಮೇಲೆ ಹಿಂದಕ್ಕೆ. ಹಿಂದೆ ಟೊಮೇಟೊ ಹೊತ್ತ ಲಾರಿ ಹಾರ್ನು ಬಾರಿಸಿತು. "ಯಾ ಲತೀಫ್! ಯಾ ಲತೀಫ್!" ಹಾಜಿ ದೇವರನ್ನು ಕರೆಯುತ್ತ ಬಾಗಿಲು ಹಿಡಿದುಕೊಂಡರು. ಸಾಮಿಹ್ ಬ್ರೇಕು ಹಾಕಿದ. ಸುಟ್ಟ ವಾಸನೆ ಅತ್ತರನ್ನೂ ನುಂಗಿತು.

"ದೀಪ? ಇಂಥದ್ದಕ್ಕೆಲ್ಲ ಕೆಂಪು ದೀಪ ಹತ್ತುತ್ತಲ್ಲ?" ಹಾಜಿಗೆ ಉಸಿರು ಮೇಲೆ ಕೆಳಗೆ.

"ದೀಪದ ಬಾಯಿ ಕಟ್ಟಿದ್ದಾರೆ ಹಾಜಿ."

"ಯಾರು?"

ಲಾರಿಯವನು ಬೈಯುತ್ತ ಬಳಸಿಕೊಂಡು ಹೋದ.

"ನಾನೇ, ದೊಡ್ಡಪ್ಪ" ಎಂದ ಸಾಮಿಹ್.

ಫಿರ್ಯಾಲ್ ಕಿಟಕಿಯ ಆಚೆ ನೋಡುತ್ತಿದ್ದಳು. "ನಾನು ಹಿಂಗೇ ಬಸುರಿ ದಾದಿ ಒಬ್ಬಳನ್ನ ಕೂರಿಸ್ಕೊಂಡು ನಿಂತಿದ್ದೆ. ಇಲ್ಲೇ" ಎಂದಳು. ದನಿ ಎತ್ತಲೂ ಇಲ್ಲ.

ವಾಪಸು ಬಂದಾಗ ಬಟ್ಟಲಿನ ಕಾಫಿ ಆರಿ ತಣ್ಣಗಾಗಿತ್ತು. ಹಾಜಿ ಕೂರಲಿಲ್ಲ. ನಿಹಾಯಳಿಗೆ, "ಚೆಲ್ಲಿಬಿಡಮ್ಮ, ಇದನ್ನ ಕುಡಿಯೋ ಮುಖ ತಂದಿಲ್ಲ ನಾವು" ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟರು.

ಹಿರಿಯರನ್ನು ಬರಿಗೈಯಲ್ಲಿ ಕಳಿಸಿದ ಮನೆ ನನ್ನದೇ ಆಯಿತು. ಹನಾನ್ ಫೋನು ಎತ್ತುತ್ತಿಲ್ಲ.

ಆಗಸ್ಟ್ ೧೧, ಭಾನುವಾರ

ಗಲ್ಲಿಯಲ್ಲಿ ಸಭೆ. ದಾರ ಕಟ್ಟಿದ ತಂತಿಯ ತುಂಡನ್ನು ಕೈಯಿಂದ ಕೈಗೆ ಕೊಟ್ಟೆ. ಬುಲೂಸ್ ಅದನ್ನು ಹಿಡಿದುಕೊಂಡು ಅತ್ತುಬಿಟ್ಟ. ಅವನ ಹರತಾಳದ ದಿನಗಳ ದೇವರು ಸಾಮಿಹ್. "ಬ್ಯಾನರ್ ಕಿತ್ತಾಕೋಣ, ಇನ್ಯಾರು ನಂಬ್ತಾರೆ" ಎಂದ ಒಬ್ಬ. ಯಾಕೆ ಕೀಳಬೇಕು? ಬರೆದವನು ಕೆಟ್ಟರೆ ಬರೆದದ್ದು ಕೆಡುತ್ತದೆಯೇ? ಅಷ್ಟು ಕೇಳಿದೆ. ಹಿಂದಿನವರಿಗೆ ಕೇಳಿಸಲಿಲ್ಲವಂತೆ, ಯಾರೋ ಡ್ರಮ್ಮು ಉರುಳಿಸಿ ತಂದರು, ಹತ್ತಿ ಅದನ್ನೇ ಮತ್ತೆ ಹೇಳಿದೆ. ಖಲ್ದೂನನ ಶೋರೂಮಿನ ಯಾವ ಗಾಡಿಗೂ ಈ ಗಲ್ಲಿಯ ಕೈ ಇಲ್ಲ, ಆಗಸ್ಟ್ ೨೩ರ ಶುಕ್ರವಾರದಿಂದ ಅವನ ಬಾಗಿಲ ಮುಂದೆ ನಿಂತು ಕೊಳ್ಳುವವರಿಗೆ ಇದನ್ನು ಹೇಳುತ್ತೇವೆ ಎಂದು ತೀರ್ಮಾನ. ಫಿರ್ಯಾಲಳ ಗೇರ್‌ಬಾಕ್ಸಿಗೆ ಪ್ಲೇಟು ಒಬ್ಬರು, ಸೀಲು ಒಬ್ಬರು ಕೊಡುತ್ತಾರೆ. ಎಣ್ಣೆ ತಂಪು ಮಾಡುವ ಹೊಸ ಕೂಲರು ಬುಲೂಸನದು.

ಮಾತಾಡುವವನಿಲ್ಲದೆ ಸಭೆ ಹೇಗೆ ನಡೆಯುತ್ತದೋ ಎಂದುಕೊಂಡಿದ್ದೆ. ಹೇಗೋ ನಡೆಯಿತು. ದನಿ ಯಾಕೋ ಬಿದ್ದುಹೋಗಿದೆ. ಧೂಳಿರಬೇಕು.

ಆಗಸ್ಟ್ ೧೫, ಗುರುವಾರ

ಸಾಮಿಹ್ ತನ್ನ ಸ್ಪ್ಯಾನರುಗಳನ್ನು ಒಯ್ಯಲು ಅಂಗಡಿಗೆ ಬಂದ. ನಾನು ಗೇರ್‌ಬಾಕ್ಸಿನ ಒಳಗೆ ಕೈಯಿಟ್ಟುಕೊಂಡೇ ಇದ್ದೆ.

"ಆರೂ ಪ್ಲೇಟು ಹಾಕ್ತಿದ್ದೀಯಾ?" ಎಂದ.

"ಹೂಂ."

"ಪ್ಲೇಟು ಕೂರೋ ಡ್ರಮ್ಮು ನೋಡು. ಒಳಗೆ ಕೂದಲಷ್ಟು ಬಿರುಕಿದೆ. ಪ್ಲೇಟು ಮಾತ್ರ ಹಾಕಿದ್ರೆ ಮತ್ತೆ ಸುಡುತ್ತೆ."

ಒರೆಸಿ ಬೆಳಕಿಗೆ ಹಿಡಿದೆ. ಬಿರುಕಿತ್ತು. ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೈ ಊರಿ ಬಂದ. ಒಳ್ಳೆ ಕಣ್ಣಿಗೆ ಎಂಥಾ ಗತಿ! ಸ್ಪ್ಯಾನರ್ ತೆಗೆದು ಎಸೆಯಬೇಕು ಅನ್ನಿಸಿತು. ಅದೂ ಅವನದೇ ಸ್ಪ್ಯಾನರು.

"ಹನಾನ್‌ಗೆ ಹೇಳು, ನಮ್ಮ ಮನೆ ಬಾಗಿಲು ತೆಗೆದೇ ಇರುತ್ತೆ ಅಂತ" ಎಂದೆ.

"ನಂಗೆ?"

ನಾನು ಮತ್ತೆ ಡ್ರಮ್ಮು ಒರೆಸತೊಡಗಿದೆ. ದಾರದ ಉಂಡೆಯನ್ನು ಬಿಟ್ಟು ಹೋಗಿದ್ದಾನೆ. ಮರೆತನೋ, ಬೇಕೆಂದೇ ಬಿಟ್ಟನೋ.

ಆಗಸ್ಟ್ ೨೧, ಬುಧವಾರ

ಬೇರೆ ಡ್ರಮ್ಮು ಹುಡುಕಿ ಹಾಕಿ ಮುಗಿಸಿದೆ. ಸೆನ್ಸರಿನ ತಂತಿ ಬೆಸೆದು ಟೇಪು ಸುತ್ತಿದೆ. ಆ ದಾರ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದೆ. ಊಟ ಮಾಡಿ ಬಂದು ಟೇಪು ಕಿತ್ತೆ. ದಾರ ಸುತ್ತಿದೆ. ಉಸ್ತಾದರ ಗಂಟನ್ನು ಅವನಿಗೊಬ್ಬನಿಗೇ ಯಾಕೆ ಬಿಟ್ಟುಕೊಡಲಿ?

ಆಗಸ್ಟ್ ೨೨, ಗುರುವಾರ

ಸುಡುಮಧ್ಯಾಹ್ನ, ಅದೇ ಏರು. ಫಿರ್ಯಾಲ್ ಓಡಿಸಿದಳು. ಒತ್ತಿ ಎಂದೆ, ಒತ್ತಿದಳು. ಮೂರನೇ ಗೇರು ಕಚ್ಚಿ ಹಿಡಿಯಿತು. ಸ್ಕ್ಯಾನರಿನ ಅಂಕಿ ಏರಿನ ಜೊತೆ ಏರಿತು, ನೆತ್ತಿಯಲ್ಲಿ ತಂಪಾಗುತ್ತ ಇಳಿಯಿತು. ಮತ್ತೆ ಹತ್ತಿಸಿದೆವು, ಮತ್ತೆ. ಗಲ್ಲಿಗೆ ತಂದು ಬಿಸಿಲಲ್ಲೇ ನಿಲ್ಲಿಸಿದಳು. ಎಲ್ಲರೂ ಹೊರಗೆ ಬಂದಿದ್ದರು.

"ಈಗ ಕೊಡಿ ಮಾತು" ಎಂದಳು.

ಬಾನೆಟ್ಟಿನ ಮೇಲೆ ಅಂಗೈ ಊರಿದೆ. ಕಾದ ಹೆಂಚು. ಮಾತನ್ನು ಪೂರಾ ಹೇಳಿ ಮುಗಿಸುವವರೆಗೆ ಕೈ ತೆಗೆಯುವಂತಿಲ್ಲ. ಹೇಳಿ ಮುಗಿಸಿದ ಮೇಲೂ ನಾನು ತೆಗೆಯಲಿಲ್ಲವಂತೆ. "ಸಾಕು ತೆಗೀರಿ ಅಬೂ ರುಬಾ, ನಂಬಿದ್ದೀನಿ!" ಎಂದು ಫಿರ್ಯಾಲಳೇ ಮಣಿಕಟ್ಟು ಹಿಡಿದು ಎಳೆದಳು.

ನಿಹಾಯ ಜೇನು ಸವರಿ ಬಟ್ಟೆ ಕಟ್ಟಿದ್ದಾಳೆ. ಅಷ್ಟು ಹೊತ್ತು ಯಾಕೆ ಇಟ್ಟೆ, ಬುದ್ಧಿ ಇಲ್ವಾ ಎಂದು ಬೈದಳು. ಏನು ಹೇಳಲಿ? ಪಕ್ಕದಲ್ಲಿ ಇನ್ನೊಂದು ಕೈ ಬಂದು ಕೂರುವವರೆಗೆ ಕಾಯುವುದು ನನ್ನ ಕೈಗೆ ಅಭ್ಯಾಸವಾಗಿದೆ.

ನಾಳೆ ಶುಕ್ರವಾರ, ಶೋರೂಮಿನ ಮುಂದೆ ನಿಲ್ಲಬೇಕು. ಹತ್ತಿ ನಿಲ್ಲಲು ಎಣ್ಣೆ ಡ್ರಮ್ಮು ತರಲು ಬುಲೂಸನಿಗೆ ಹೇಳಿದ್ದೇನೆ.